ಜೋಡಿಕಲ್ಲು ಗುಡ್ಡದ ಮಹಜರು

೨೦೦೬ನೇ ಇಸವಿಯ ಫೆಬ್ರವರಿ. ಭೂಮಾಪನ ಇಲಾಖೆಯಿಂದ ನಿವೃತ್ತನಾಗಿ ಮೂರು ವರ್ಷ ಕಳೆದಿತ್ತು. ರಾಮನಗರದಲ್ಲಿ ಎರಡು ಕೋಣೆಯ ಕಚೇರಿಯಿದ್ದ ಒಂದು ಸಣ್ಣ ಟ್ರಸ್ಟಿನಲ್ಲಿ ನಾನು ಆಗ ಕ್ಷೇತ್ರಾಧಿಕಾರಿ. ಸರ್ಕಾರಿ ಕಾಗದಗಳು ‘ಬರಡು’ ಎಂದು ಕರೆಯುವ ಬಂಡೆಗುಡ್ಡಗಳನ್ನೂ ಕುರುಚಲು ಕಾಡನ್ನೂ, ಅಲ್ಲಿರುವ ಜೀವಗಳ ಸಮೇತ ಉಳಿಸುವುದು ನಮ್ಮ ಕೆಲಸ. ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದಂತೆ ಜಲ್ಲಿಗೆ ಬೇಡಿಕೆ ಏರಿ, ಕನಕಪುರ ರಸ್ತೆಯ ಆಚೀಚೆ ಒಂದೊಂದೇ ಗುಡ್ಡ ಕರಗುತ್ತಿದ್ದ ಕಾಲವದು.

ಟ್ರಸ್ಟಿನ ಕಾರ್ಯದರ್ಶಿ ಡಾಕ್ಟರೇಟ್ ಪಡೆದವರು. ನಾನು ಮೂವತ್ತಮೂರು ಅಡಿಯ ಹಳೆಯ ಅಳತೆ ಸರಪಳಿಯನ್ನು ಚೀಲದಲ್ಲಿಟ್ಟುಕೊಂಡು ಓಡಾಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ವಾರ್ಷಿಕ ಸಭೆಯಲ್ಲಿ ಎಲ್ಲರೆದುರು, “ಇದು ಜಿಪಿಎಸ್ ಕಾಲ. ನಿಮ್ಮ ಸರಪಳೀನ ಮ್ಯೂಸಿಯಂಗೆ ಕೊಟ್ಟುಬಿಡಿ” ಎಂದಿದ್ದರು. ಅಂದು ಯಾರು ಯಾರು ನಕ್ಕರು ಎಂಬುದು ನನಗೆ ಇಂದಿಗೂ ನೆನಪಿದೆ.

ಜೋಡಿಕಲ್ಲು ಗುಡ್ಡದ ಕಡಿದಾದ ಮೈಯಲ್ಲಿ ಒಂದು ಸೀಳು. ಅದರೊಳಗೆ ಉದ್ದ ಕೊಕ್ಕಿನ ರಣಹದ್ದಿನ ಗೂಡು. ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಆ ವರ್ಷ ಮರಿ ಹೊರಬಂದು ಮೂರು ವಾರವಾಗಿತ್ತು. ಅಷ್ಟರಲ್ಲೇ ಗುಡ್ಡವನ್ನು ಕಲ್ಲು ಗಣಿಗೆ ಕೇಳಿ ಅರ್ಜಿ ಬಿತ್ತು. ಒಂದು ಸಿಡಿಮದ್ದು ಸಿಡಿದರೆ ತಾಯಿ ತಂದೆ ಎರಡೂ ಗೂಡು ಬಿಟ್ಟು ಹಾರುತ್ತವೆ. ಮರಿ ಉಪವಾಸದಲ್ಲಿ ಸಾಯುತ್ತದೆ. ನಾವು ಆಕ್ಷೇಪಣೆ ಸಲ್ಲಿಸಿದೆವು. ಜಂಟಿ ಸ್ಥಳ ತನಿಖೆಗೆ ನೋಟೀಸು ಬಂತು. ಸಮಯ ಬೆಳಿಗ್ಗೆ ಹನ್ನೊಂದು ಗಂಟೆ.

ತನಿಖಾ ತಂಡದವರು ಬಂದದ್ದು ಏಳೂ ಇಪ್ಪತ್ತಕ್ಕೆ.

ಗುಡ್ಡದ ಬುಡದ ಊರಿನ ಪುಟ್ಟಮಾದಮ್ಮ ನಮ್ಮ ಕಾವಲುಗಾರ್ತಿ. ಮೇಕೆ ಹೊಡೆದುಕೊಂಡು ಹೋದವಳು ಜೀಪನ್ನು ಕಂಡು, ಅಂಗಡಿಯ ಫೋನಿನಿಂದ ನಯಾಜನಿಗೆ ಸುದ್ದಿ ಮುಟ್ಟಿಸಿದಳು. ನಯಾಜ್ ರೇಷ್ಮೆ ನೂಲು ಬಿಚ್ಚುವ ಮನೆತನದವನು. ಹಬೆಯ ಬಿಸಿನೀರಲ್ಲಿ ಎಳೆ ಹುಡುಕಿ ಪಳಗಿದ ಕಣ್ಣು ಅವನದು. ದೂರದರ್ಶಕ ನೋಡುವುದು, ರಿಜಿಸ್ಟರ್ ಬರೆಯುವುದು ಅವನ ಹೊಣೆ. ಅವನ ಮೋಟಾರ್ ಸೈಕಲ್ಲಿನಲ್ಲಿ ನಾವು ತಲುಪುವಾಗ ಎಂಟೂ ಹತ್ತು. ಮಹಜರು, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದು ಎಲ್ಲರೂ ಸಹಿ ಹಾಕುವ ಪತ್ರ, ಆಗಲೇ ಸಿದ್ಧವಾಗಿತ್ತು: ‘ಬರಡು ಬಂಡೆ. ವನ್ಯಜೀವಿಗಳು ಕಂಡುಬರಲಿಲ್ಲ.’

“ಒಂದು ಸಹಿ ಹಾಕಿ, ಹೊರಡೋಣ,” ಎಂದರು ತಂಡದ ಮುಖ್ಯಸ್ಥರು. ನನಗಿಂತ ಇಪ್ಪತ್ತು ವರ್ಷ ಕಿರಿಯರು. ಕೂರಿ ಎಂದೂ ಹೇಳಲಿಲ್ಲ.

ಗೂಡಿದೆ ಎಂದೆ. ಕೆಳಗಿನಿಂದ ಸೀಳು ಕಾಣುತ್ತದೆ, ಒಳಗಿನ ಗೂಡು ಕಾಣದು. ಎದುರಿನ ಗುಡ್ಡ ಹತ್ತಬೇಕು. “ನಾವು ಈ ಗುಡ್ಡ ನೋಡೋಕೆ ಬಂದಿರೋದು, ಆ ಗುಡ್ಡ ಹತ್ತೋಕಲ್ಲ. ದಾಖಲೆ ಇದ್ರೆ ತೋರಿಸಿ,” ಎಂದರು ಮುಖ್ಯಸ್ಥರು.

ನಯಾಜ್ ಮೂರು ವರ್ಷದ ರಿಜಿಸ್ಟರ್‌ಗಳನ್ನು ಬಂಡೆಯ ಮೇಲೆ ಬಿಡಿಸಿಟ್ಟ. ಅವರು ಓದಿದರು: “ಮೂರನೇ ಮನೆ, ಮರಿ ಒಂದು. ಇದು ಯಾರ ಮನೆ? ಜೋಡಿಕಲ್ಲು ಅಂತ ಎಲ್ಲಿದೆ?”

ಎಲ್ಲಿಯೂ ಇರಲಿಲ್ಲ. ಹಿಂದೊಮ್ಮೆ ಯಾರೋ ಕ್ಯಾಮರಾ ಹಿಡಿದು ಗೂಡಿನವರೆಗೆ ಇಳಿದಿದ್ದರಿಂದ ಹಕ್ಕಿಗಳು ಮೊಟ್ಟೆ ಬಿಟ್ಟುಹೋಗಿದ್ದವು. ಅಂದಿನಿಂದ ಗುಡ್ಡದ ಹೆಸರನ್ನು ಎಲ್ಲೂ ಬರೆಯಬಾರದು, ಗೂಡನ್ನು ‘ಇಷ್ಟನೇ ಮನೆ’ ಎಂದಷ್ಟೇ ಬರೆಯಬೇಕು ಎಂದು ಆಜ್ಞೆ ಮಾಡಿದವನು ನಾನೇ. “ಸಾರ್, ಬೀರುನಲ್ಲಿ ಬೀಗ ಹಾಕಿಡೋ ಒಂದ್ ಪುಸ್ತಕದಲ್ಲಾದ್ರೂ ಹೆಸರು ಇರ್ಲಿ,” ಎಂದು ನಯಾಜ್ ಅಂದಿದ್ದ. “ನೂಲು ಬಿಚ್ಚುವವನು ನನಗೆ ದಾಖಲೆ ಪಾಠ ಹೇಳಬೇಡ” ಎಂದು ನಾನು ಗದರಿದ್ದೆ. ಇತರರು ನನಗೆ ಮಾಡಿದ ಅವಮಾನಗಳನ್ನು ಲೆಕ್ಕವಿಟ್ಟವನು ಇದನ್ನೂ ಬರೆಯಲೇಬೇಕು. ಅಂದು ಬಂಡೆಯ ಬಳಿ ಅವನು ನನ್ನತ್ತ ನೋಡಲೂ ಇಲ್ಲ, ‘ಸಾರ್ ಹೇಳಿದ್ದು’ ಎನ್ನಲೂ ಇಲ್ಲ.

ಇನ್ನುಳಿದದ್ದು ಹಕ್ಕಿಯನ್ನೇ ತೋರಿಸುವುದು. ಆದರೆ ರಣಹದ್ದು ರೆಕ್ಕೆ ಬಡಿದು ಏರುವ ಹಕ್ಕಿಯಲ್ಲ. ಬಂಡೆ ಕಾದು, ಬಿಸಿಗಾಳಿ ಮೇಲೆದ್ದ ಮೇಲೆ ಅದರ ಮೇಲೆ ತೇಲಿ ಏರುತ್ತದೆ. ಪುಟ್ಟಮಾದಮ್ಮ ಬಂಡೆಗೆ ಅಂಗೈ ಒತ್ತಿ, “ಇನ್ನೂ ತಣ್ಣಗೈತೆ ಕಣ್ರಪ್ಪ. ಒಸಿ ತಡ್ಕಳಿ, ಕಾದ್ಮೇಲೆ ಏಳ್ತವೆ,” ಎಂದಳು.

ಅರ್ಜಿದಾರನ ಮೇಸ್ತ್ರಿ ನಕ್ಕ. “ಏನಮ್ಮೋ, ನಿನ್ ಹದ್ದಿಗೂ ಆಫೀಸ್ ಟೈಮ್ ಐತಾ?”

“ಐತೆ ಕಣ್ಲಾ. ಅವು ಹನ್ನೊಂದು ಅಂತ ಹೇಳ್ಬುಟ್ಟು ಏಳಕ್ಕೆ ಬರಾಕಿಲ್ಲ.”

ಮುಖ್ಯಸ್ಥರು ಪೆನ್ನನ್ನು ನನ್ನತ್ತ ಚಾಚಿದರು. ನಾನು ಮಹಜರನ್ನು ಮತ್ತೊಮ್ಮೆ ಓದಿದೆ. ಐದು ಎಕರೆ ಎಂದಿತ್ತು. ಗಡಿಕಲ್ಲುಗಳ ನಡುವಿನ ಅಳತೆ ಇರಲಿಲ್ಲ. “ಆಕ್ಷೇಪಣೆದಾರನ ಎದುರು ಗಡಿ ಅಳೆದು ತೋರಿಸಿಲ್ಲ. ಅಳೆಯದೆ ನಾನು ಸಹಿ ಹಾಕುವುದಿಲ್ಲ,” ಎಂದೆ. ಇದು ನೆಪವೂ ಹೌದು, ನಿಯಮವೂ ಹೌದು. ಜಿಪಿಎಸ್ ಅವರ ಬಳಿಯೂ ಇರಲಿಲ್ಲ. ಚೀಲದಿಂದ ಸರಪಳಿ ತೆಗೆದೆ.

ಒಂದು ತುದಿ ನಯಾಜನ ಕೈಲಿ, ಇನ್ನೊಂದು ಮೇಸ್ತ್ರಿಯ ಕೈಲಿ. ಎಂಟೂ ಇಪ್ಪತ್ತೈದಕ್ಕೆ ಮೊದಲ ಕಲ್ಲಿನಿಂದ ಹೊರಟೆವು. ಸರಪಳಿಗೆ ಹದಿನಾರು ಆಣೆ, ಅಂದರೆ ಹದಿನಾರು ಸಮಭಾಗ. ಒಂದಾಣೆಯನ್ನೂ ನಾನು ಬಿಡಲಿಲ್ಲ. ಮುಳ್ಳುಪೊದೆಯಲ್ಲಿ ಮೇಸ್ತ್ರಿಯ ಪಂಚೆ ಹರಿಯಿತು. “ಈ ವಯಸ್ಸಲ್ಲಿ ನಿಮ್ಗೆ ಏನ್ ಬಂದೈತೆ ಸ್ವಾಮಿ” ಎಂದು ಅವನು ಏದುಸಿರು ಬಿಟ್ಟ. ಐವತ್ತೆಂಟು ಸರಪಳಿ, ಹತ್ತು ಆಣೆ. ಒಂಬತ್ತೂ ನಲವತ್ತಕ್ಕೆ ಸುತ್ತು ಮುಗಿಯಿತು. ಸೀಳಿನ ಕಡೆ ಯಾವ ಚಲನೆಯೂ ಇಲ್ಲ. ಸೂರ್ಯನ ಮೇಲೆ ತೆಳುಮೋಡ ಬಂದಿತ್ತು.

“ಈಗಲಾದ್ರೂ ಹಾಕಿ.”

“ತಾಳೆ ಅಳತೆ ಬಾಕಿ ಇದೆ,” ಎಂದೆ. ಅಳೆದ ದಾರಿಯನ್ನೇ ಕೊನೆಯಿಂದ ಮೊದಲಿಗೆ ಮತ್ತೆ ಅಳೆದು, ಎರಡೂ ಲೆಕ್ಕ ಕೂಡುತ್ತವೆಯೇ ಎಂದು ನೋಡುವುದು. ನಲವತ್ತು ವರ್ಷದ ಹಿಂದೆ ನನಗೆ ಕಲಿಸಿದ ಮೊದಲ ಪಾಠ. ಹತ್ತರಲ್ಲಿ ಒಂಬತ್ತು ಮಂದಿ ಬಿಟ್ಟುಬಿಡುವ ಪಾಠ.

“ಪೆನ್ಷನ್ ಬರ್ತಿದೆ ತಾನೆ? ಮನೇಲಿ ಕೂತ್ಕೋಬಾರ್ದಾ?” ಎಂದರು ಮುಖ್ಯಸ್ಥರು. ನಾನು ಸರಪಳಿ ಕೊಡವಿ ನೇರ ಮಾಡಿದೆ. ನಯಾಜ್ ತನ್ನ ತುದಿಯನ್ನು ಮತ್ತೆ ಹಿಡಿದ. ಈ ಸುತ್ತೂ ಮುಗಿದರೆ, ಸಹಿ ತಡೆಯಲು ನನ್ನ ಬಳಿ ಇನ್ನಾವ ನಿಯಮವೂ ಇರಲಿಲ್ಲ.

ಹದಿನೇಳನೆಯ ಸರಪಳಿಯಲ್ಲಿದ್ದಾಗ ಮೋಡ ಸರಿಯಿತು. ಪುಟ್ಟಮಾದಮ್ಮ ಮತ್ತೆ ಬಂಡೆ ಮುಟ್ಟಿದಳು. ಇಪ್ಪತ್ತಾರನೆಯದಕ್ಕೆ, “ಈಗ ನೋಡ್ರಪ್ಪ,” ಎಂದಳು.

ಬಂಡೆಯ ಅಂಚಿನಿಂದ ಒಂದು ಕಂದು ನೆರಳು ಕಳಚಿ, ಕೆಳಗೆ ಜಾರಿ, ರೆಕ್ಕೆ ಬಡಿಯದೆಯೇ ನಮ್ಮ ತಲೆಯ ಮೇಲಕ್ಕೆ ಏರಿತು. ಹಿಂದೆ ಇನ್ನೊಂದು. ಮೇಸ್ತ್ರಿ ಸರಪಳಿ ಕೈಬಿಟ್ಟ. ಮೂರನೆಯದು, ನಾಲ್ಕನೆಯದು. ಹತ್ತೂ ಹದಿನೆಂಟು. ಸ್ವಲ್ಪ ಹೊತ್ತಿಗೆ ಅವುಗಳಲ್ಲಿ ಒಂದು ಸುತ್ತಿ ಬಂದು ನೇರ ಸೀಳಿನೊಳಗೆ ನುಗ್ಗಿತು. ಒಳಗಿದ್ದ ಐದನೆಯದು ಹೊರಬಂದಿತು. ಪಾಳಿ ಬದಲಾಯಿತು. ನಯಾಜ್ ದೂರದರ್ಶಕವನ್ನು ನಿಲ್ಲಿಸಿ, “ನೋಡಿ ಸಾರ್, ಇದೇ ಮೂರನೇ ಮನೆ,” ಎಂದ. ಮುಖ್ಯಸ್ಥರು ಬಹಳ ಹೊತ್ತು ನೋಡಿದರು.

ಮಹಜರಿಗೆ ‘ಕೆಲವು ಪಕ್ಷಿಗಳು ಕಂಡುಬಂದವು’ ಎಂದು ಸೇರಿಸಿದರು. ಯಾವ ಪಕ್ಷಿ, ಎಷ್ಟು, ಎಲ್ಲಿಗೆ ಹೋಯಿತು ಎಂದು ನಾನು ಕೇಳಿದೆ. ಅವರು ಹೊಡೆದುಹಾಕಿ ಮತ್ತೆ ಬರೆದರು: ರಣಹದ್ದು, ಐದು, ಜೋಡಿಕಲ್ಲು ಗುಡ್ಡದ ಸೀಳಿನಲ್ಲಿ ಗೂಡು. ಆಗ ಸಹಿ ಹಾಕಿದೆ. ತಾಳೆ ಅಳತೆಯನ್ನೂ ಪೂರ್ಣ ಮಾಡಿಯೇ ಹೊರಟೆ. ಎರಡಾಣೆ ವ್ಯತ್ಯಾಸವಿತ್ತು; ತಪ್ಪು ಮೇಸ್ತ್ರಿಯ ತುದಿಯದು.

ಅರ್ಜಿ ತಿರಸ್ಕೃತವಾಯಿತು. ಬೇಸಿಗೆಯಲ್ಲಿ ಮರಿ ಹಾರಿತೆಂದು ಪುಟ್ಟಮಾದಮ್ಮ ಹೇಳಿ ಕಳುಹಿಸಿದಳು. ಕಾರ್ಯದರ್ಶಿಗಳು ಸರಪಳಿಯ ಮಾತನ್ನು ಮತ್ತೆ ಎತ್ತಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ನಾನು ನಯಾಜನಲ್ಲಿ ಕ್ಷಮೆ ಕೇಳಿದೆ. ಮೂರು ರಿಜಿಸ್ಟರ್‌ಗಳನ್ನೂ ತರಿಸಿ, ಪ್ರತಿ ‘ಮನೆ’ಯ ಎದುರು ಗುಡ್ಡದ ಹೆಸರನ್ನು ಅವನ ಕೈಯಿಂದಲೇ ಬರೆಸಿ, ಬೀರುವಿನ ಬೀಗದ ಕೈಯನ್ನು ಅವನಿಗೇ ಒಪ್ಪಿಸಿದೆ.

ನಲವತ್ತು ವರ್ಷದ ನೌಕರಿ ಕಲಿಸದ್ದನ್ನು ಆ ಬೆಳಗು ಕಲಿಸಿತು: ಕಾಪಾಡಲೆಂದು ಬಚ್ಚಿಟ್ಟ ಹೆಸರು, ಕಾಪಾಡಬೇಕಾದ ದಿನ ನಮ್ಮ ಕೈಗೂ ಸಿಗುವುದಿಲ್ಲ. ಆದರೂ ಪಾಠವನ್ನು ನಾನು ಅರ್ಧವೇ ಕಲಿತೆ. ಪಕ್ಕದ ಕುಳ್ಳಗುಡ್ಡದಲ್ಲಿ ಗೂಡಿರಲಿಲ್ಲ. ಆ ಐದು ಹಕ್ಕಿಗಳು ಬಿಸಿಲು ಕಾಯಲು ಕೂರುತ್ತಿದ್ದವು ಅಷ್ಟೆ. ಅದಕ್ಕೆ ಒಂದು ಪುಟ ಬೇಕೆಂದು ನಮಗೆ ತೋಚಲಿಲ್ಲ. ಮುಂದಿನ ವರ್ಷ ಅದಕ್ಕೂ ಅರ್ಜಿ ಬಂತು; ತೋರಿಸಲು ನಮ್ಮ ಬಳಿ ಒಂದು ಸಾಲೂ ಇರಲಿಲ್ಲ. ಈಗ ನನ್ನ ಈ ಬರಹದ ಹೊರತು, ಆ ಹೆಸರಿನ ಗುಡ್ಡ ಎಲ್ಲಿಯೂ ಇಲ್ಲ.