ಜಲಪಾತದ ವ್ಯಾನಿಗೆ ಹಾಕಿದ ಟವೆಲ್

ವ್ಯಾನು ತುಂಬಿತ್ತು. ಆದರೂ ಡ್ರೈವರ್ ಹೊರಡುತ್ತಿರಲಿಲ್ಲ. ಕಾರಣ, ನನ್ನ ಟವೆಲ್.

ಎಲ್ಲಿ ಅಂತೀರಾ? ಬ್ರೆಜಿಲ್ ದೇಶದ ಒಂದು ಸಣ್ಣ ಊರಿನಲ್ಲಿ. ಶಿಡ್ಲಘಟ್ಟದ ರೇಷ್ಮೆ ಕಚೇರಿಯಿಂದ ಕಳೆದ ತಿಂಗಳು ನನ್ನನ್ನು ತರಬೇತಿಗೆಂದು ಅಲ್ಲಿಗೆ ಕಳಿಸಿದ್ದರು. (ನನಗಿಂತ ಹಿರಿಯರಿಬ್ಬರು ಅಷ್ಟು ದೂರ ಬೇಡಪ್ಪ ಎಂದರು. ಆದ್ದರಿಂದ ನಾನು.) ತರಬೇತಿ ಮುಗಿದ ಮೇಲೆ ಸ್ವಲ್ಪ ಬಿಡುವಿತ್ತು. ಈ ವಯಸ್ಸಿನಲ್ಲಿ ಕಾಲೇಜು ಹುಡುಗನ ಹಾಗೆ ಬೆನ್ನಿಗೊಂದು ಬ್ಯಾಗ್ ಏರಿಸಿ ಜಲಪಾತ ನೋಡಲು ಹೊರಟೆ.

ಯಾಕೆಂದರೆ, ಒಂದೂವರೆ ವರ್ಷದ ಹಿಂದೆ ತರಬೇತಿಗೆ ನನ್ನ ಹೆಸರು ಹೋದಾಗಲೇ ಹೆಂಡತಿ ವಿಮಲಾ ಹೇಳಿದ್ದಳು: "ಅಲ್ಲೇನೋ ದೊಡ್ಡ ಫಾಲ್ಸ್ ಇದೆಯಂತಲ್ರೀ, ನೋಡ್ಕೊಂಡು ಬಂದು ನಂಗೆ ಹೇಳಿ." ಈ ಅಂಕಣದಲ್ಲಿ ಆಗಾಗ ಬಂದು ನನ್ನನ್ನು ಬೈದು ಹೋಗುತ್ತಿದ್ದ ವಿಮಲಾ ತೀರಿಕೊಂಡು ವರ್ಷವಾಗುತ್ತ ಬಂತು. ನೋಡುವುದೇನೋ ಸರಿ. ಹೇಳುವುದು ಯಾರಿಗೆ?

ಆ ಊರಿನ ಟೂರ್ ಆಫೀಸು ನಮ್ಮ ಗೌರಿಬಿದನೂರಿನ ಎಸ್‌ಟಿಡಿ ಬೂತಿನಷ್ಟಿತ್ತು. ಅಲ್ಲಿದ್ದಾಕೆಗೆ ಇಂಗ್ಲಿಷ್ ಬಾರದು, ನನಗೆ ಅವರ ಭಾಷೆ ಬಾರದು. ಕೈಸನ್ನೆಯಲ್ಲಿ ತಿಳಿದದ್ದಿಷ್ಟು: ವ್ಯಾನ್ ತುಂಬಿದರೆ ಮಾತ್ರ ಹೊರಡುತ್ತದೆ. ಅರೆ, ನಮ್ಮ ಚಿಂತಾಮಣಿ ವ್ಯಾನಿನ ಕಥೆಯೇ ಅಲ್ಲವೇ ಇದು? ಕುರ್ಚಿ ಎಳೆದುಕೊಂಡು ಕಾದೆ. ಬಂದವರೆಲ್ಲ ಜೋಡಿಗಳು. ನನ್ನತ್ತ ಒಮ್ಮೆ ನಕ್ಕು ತಮ್ಮತಮ್ಮಲ್ಲೇ ಮಾತಿಗಿಳಿಯುತ್ತಿದ್ದರು. ಬೆಳಿಗ್ಗೆ ಹೋಟೆಲಿನಲ್ಲಿ "ಕಾಫಿ" ಎಂದದ್ದು ಬಿಟ್ಟರೆ ನಾನು ಯಾರೊಂದಿಗೂ ಬಾಯಿ ತೆರೆದಿರಲಿಲ್ಲ.

ಕೊನೆಗೂ ವ್ಯಾನ್ ಬಂತು. ಎಲ್ಲರೂ ಎದ್ದರು. ಅಷ್ಟೇ ನೋಡಿ, ನನ್ನ ಕೈ ತಾನಾಗಿ ಹೆಗಲಿನ ಟವೆಲ್ ಎಳೆದು ಕಿಟಕಿಯೊಳಗೆ ಎಸೆದುಬಿಟ್ಟಿತು. ಅದು ಎರಡು ಸೀಟಿಗೂ ಹರಡಿಕೊಂಡು ಬಿತ್ತು.

ಎಂಬತ್ತರ ದಶಕವಿಡೀ ನಾನು, ವಿಮಲಾ ಚಿಕ್ಕಬಳ್ಳಾಪುರದಲ್ಲಿ ಒಂದೇ ಬಸ್ ಹತ್ತುತ್ತಿದ್ದೆವು. ನಾನು ಶಿಡ್ಲಘಟ್ಟದಲ್ಲಿ ಇಳಿಯುವವನು, ಅವಳು ಚಿಂತಾಮಣಿಯ ಸ್ಕೂಲಿಗೆ ಹೋಗುವ ಮೇಡಂ. ಬಸ್ ನಿಲ್ಲುವ ಮೊದಲೇ ಟವೆಲ್ ಹಾಕುವುದು ನನ್ನ ಡ್ಯೂಟಿ. ಟಿಫನ್ ಡಬ್ಬಿ ಹಿಡಿದು ನಿಧಾನವಾಗಿ ಬಂದು ಕಿಟಕಿ ಪಕ್ಕ ಕೂರುವುದು ಅವಳ ಡ್ಯೂಟಿ. ಅಷ್ಟರಲ್ಲಿ ಯಾರಾದರೂ ಸೀಟು ಕೇಳಿದರೆ ನನ್ನದು ಒಂದೇ ಉತ್ತರ: "ಬರ್ತಾರೆ, ಬರ್ತಾರೆ."

ಈ ವ್ಯಾನಿನಲ್ಲೂ ಕಿಟಕಿ ಪಕ್ಕ ಬಿಟ್ಟು ಈಚೆ ಕೂತೆ. ಕೊನೆಯಲ್ಲಿ ಒಬ್ಬ ಅಜ್ಜಿ ಹತ್ತಿದಳು, ಒಬ್ಬಳೇ. ಬೇರೆ ಸೀಟಿಲ್ಲ. ಡ್ರೈವರ್ ಟವೆಲ್ ಕಡೆ ಬೆರಳು ತೋರಿಸಿ ಏನೋ ಕೇಳಿದ.

"ಬರ್ತಾರೆ, ಬರ್ತಾರೆ," ಎಂದೆ. ಅಪ್ಪಟ ಕನ್ನಡದಲ್ಲಿ.

ಅವನಿಗೆ ಅರ್ಥವಾಗಿಬಿಟ್ಟಿತು. ಇಂಜಿನ್ ಆಫ್ ಮಾಡಿದ. ನಮ್ಮ ಕಂಡಕ್ಟರ್ ಆಗಿದ್ದರೆ ಟವೆಲ್ ಎತ್ತಿ ನನ್ನ ತೊಡೆಯ ಮೇಲೆ ಹಾಕಿ, "ಬಂದಾಗ ನೋಡಣ ಬಿಡಿ ಸಾರ್" ಅನ್ನುತ್ತಿದ್ದ. ಇವರು ಪಾಪ, ಗೊಣಗದೆ ರಸ್ತೆಯತ್ತ ತಿರುಗಿ ಕಾಯತೊಡಗಿದರು. ಅಜ್ಜಿಯೂ ನಿಂತುಕೊಂಡೇ ಕಾದಳು. ನಾನೂ ಆ ಕಡೆ ನೋಡಿದೆ. ನೋಡಬಾರದಿತ್ತು. ಒಂದು ಗಳಿಗೆ ನಾನೂ ನಿಜವಾಗಿ ಕಾದೆ.

ಆಮೇಲೆ ಟವೆಲ್ ತೆಗೆದೆ. "ಕೂತ್ಕೊಳ್ಳಮ್ಮ," ಎಂದು ಅಜ್ಜಿಗೆ ಕಿಟಕಿ ಪಕ್ಕದ ಸೀಟು ತೋರಿಸಿದೆ. ವ್ಯಾನ್ ಹೊರಟಿತು.

ಜಲಪಾತ ಚೆನ್ನಾಗಿತ್ತು. ಬಹಳ ಚೆನ್ನಾಗಿತ್ತು. ಕೇಳಬೇಕಾದವಳು ಇಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ.

ಈಗ ಮತ್ತೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡು, ಅದೇ ಬಸ್ಸು. ಟವೆಲ್ ಮನೆಯಲ್ಲೇ ಬಿಟ್ಟು ಬರುತ್ತೇನೆ. ಒಬ್ಬನೇ ಕೂರುವವನಿಗೆ ಟವೆಲ್ ಯಾಕೆ, ಹೇಳಿ?