ಕೋಟೆಯ ಕೊಳಕ್ಕೆ ನಾನು ತಳ್ಳಿದ ಚೆನ್ನಿ

ಕಳೆದ ವರ್ಷ ದೀಪಾವಳಿ ರಜೆಯಲ್ಲಿ ನಾನೂ ನನ್ನ ತಂಗಿಯೂ ತೀರ್ಥಹಳ್ಳಿಯಿಂದ ಹೊರಟು ಹೊಸನಗರದ ಕಡೆಯ ಒಂದು ಹಳೆಯ ಕೋಟೆಗೆ ಹೋಗಿದ್ದೆವು. ಇಪ್ಪತ್ತು ವರ್ಷಗಳ ಹಿಂದೆ ಆ ಕೋಟೆಯ ಕೆಳಗಿನ ಶಾಲೆಯಲ್ಲಿ ನಾನು ಟೀಚರ್ ಆಗಿದ್ದೆ. ಹಳೆ ಜಾಗವನ್ನು ಇನ್ನೊಮ್ಮೆ ನೋಡುವ ಆಸೆ, ಅಷ್ಟೆ.

ಕೋಟೆಯೊಳಗೆ ಒಂದು ಕೊಳವಿದೆ. ಬಹಳ ಆಳ, ಮೆಟ್ಟಿಲೆಲ್ಲ ಪಾಚಿ. ಆಗ ಮಕ್ಕಳು ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ ಓಡುತ್ತಿದ್ದರು. ಬೈದು ಬೈದು ಸಾಕಾಗಿ ಒಂದು ದಿನ ಕತೆ ಕಟ್ಟಿದೆ. ಅರಮನೆಯಲ್ಲಿ ಚೆನ್ನಿ ಎಂಬ ಕೆಲಸದ ಹುಡುಗಿಯಿದ್ದಳು, ರಾಣಿಯ ಮೂಗುತಿ ಕದ್ದಳೆಂದು ಕಾವಲಿನವರು ಅವಳ ಕೈಕಟ್ಟಿ ಈ ಕೊಳಕ್ಕೆ ತಳ್ಳಿದರು, ಈಗಲೂ ನೀರಿಗಿಳಿದವರ ಕಾಲು ಹಿಡಿಯುತ್ತಾಳೆ ಎಂದು. ಹೆಸರೊಂದು ಬೇಕಲ್ಲ, ನಮ್ಮ ಮನೆಯ ಎಮ್ಮೆಯದನ್ನೇ ಇಟ್ಟಿದ್ದೆ. ಮಾರನೆಯ ದಿನದಿಂದ ಒಂದು ಮಗುವೂ ಆ ಕಡೆ ಸುಳಿಯಲಿಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಈಗ ಹೋಗಿ ನೋಡಿದರೆ ಮೇಲಿನ ಮೆಟ್ಟಿಲ ಕಲ್ಲಿಗೆ ಕುಂಕುಮ, ನಿಂಬೆಹಣ್ಣು, ಹಸಿರು ಬಳೆ. ಒಬ್ಬ ಹೆಂಗಸು ತನ್ನ ಹನ್ನೆರಡು ವರ್ಷದ ಮಗಳ ತಲೆಯ ಮೇಲೆ ಕೊಡದಿಂದ ನೀರು ಸುರಿಯುತ್ತಿದ್ದಳು. ಹುಡುಗಿ ಗಡಗಡ ನಡುಗುತ್ತಿದ್ದಳು. ಏನಾಯಿತೆಂದು ಕೇಳಿದೆ.

"ಇವಳಿಗೆ ಚೆನ್ನಿ ಹಿಡ್ದಿದಾಳೆ ಮೇಡಂ. ಆಗಾಗ ಬಿದ್ದು ಕೈಕಾಲು ಸೆಟ್ಕಳ್ತಾಳೆ, ಬಾಯಲ್ಲಿ ನೊರೆ ಬರ್ತದೆ. ಶಿವಮೊಗ್ಗದ ಡಾಕ್ಟ್ರು ಮಾತ್ರೆ ಕೊಟ್ಟಿದ್ರು. ಅದು ಚೆನ್ನಿಗೆ ಆಗಲ್ಲ ಅಂತ ಊರವ್ರು ಅಂದ್ರು, ನಿಲ್ಸಿದೀವಿ."

 

"ನೋಡಮ್ಮ, ನಾನು ಈ ಊರಲ್ಲೇ ಟೀಚರ್ ಆಗಿದ್ದೆ. ಆ ಚೆನ್ನಿ ಕತೆ ನಾನೇ ಕಟ್ಟಿದ್ದು, ಮಕ್ಕಳನ್ನ ಹೆದರ್ಸಕ್ಕೆ. ಅಂಥವಳು ಯಾರೂ ಇರ್ಲಿಲ್ಲ" ಎಂದೆ.

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಿಮಗೆ ಗೊತ್ತಿಲ್ಲ ಬಿಡಿ ಮೇಡಂ. ನಮ್ಮ ಮಾವನ ಅಜ್ಜನೇ ಅವಳನ್ನ ಕಂಡಿದ್ರಂತೆ. ಮೂಗುತಿ ಹೊಳೀತಿತ್ತಂತೆ."

ನನ್ನ ಪರವಾಗಿ ತಾನೇ ಕಲ್ಲಿಗೆ ಕೈಮುಗಿದು ತಪ್ಪಾಯಿತು ಎಂದಳು. ಮತ್ತೆ ಕೊಡ ಎತ್ತಿದಳು.

ನನಗೆ ಬೇರೆ ದಾರಿ ಕಾಣಲಿಲ್ಲ. ಹೋಗಿ ಆ ಕಲ್ಲು ಮುಟ್ಟಿ, ಕಣ್ಣು ಮುಚ್ಚಿ ನಿಂತೆ. ನಿಂತಲ್ಲೇ ಹೇಳಿದೆ: "ಚೆನ್ನಿ ಹೇಳ್ತಿದಾಳೆ, ಈ ನೀರು ಹಾಕದು ಬೇಡ. ಡಾಕ್ಟ್ರ ಹತ್ರ ಮತ್ತೆ ಹೋಗ್ಬೇಕು. ಅವ್ರು ಕೊಟ್ಟ ಮಾತ್ರೆ ಒಂದು ದಿನಾನೂ ತಪ್ಪಿಸ್ಬಾರ್ದು. ತಪ್ಪಿಸಿದ್ರೆ ಅವಳಿಗೆ ಸಿಟ್ಟು ಬರ್ತದೆ."

ಅವಳು ಕೊಡ ಕೆಳಗಿಟ್ಟಳು. ಸೆರಗಿನಿಂದ ಮಗಳ ತಲೆ ಒರೆಸಿದಳು. ಹೊರಡುವಾಗ ನನ್ನ ಫೋನ್ ನಂಬರ್ ಕೇಳಿ ಬರೆದುಕೊಂಡಳು. "ಒಂದು ಸುಳ್ಳಿಗೆ ಇನ್ನೊಂದು ಸೇರಿಸ್ದೆ" ಎಂದಳು ತಂಗಿ ದಾರಿಯಲ್ಲಿ.

ಹೋದ ತಿಂಗಳು ಆ ಹೆಂಗಸಿನ ಫೋನ್ ಬಂತು. ಹುಡುಗಿ ಮಾತ್ರೆ ತಪ್ಪಿಸಿಲ್ಲ, ಬೀಳುವುದು ಬಹಳ ಕಡಿಮೆಯಾಗಿದೆ, ಶಾಲೆಗೂ ಹೋಗುತ್ತಿದ್ದಾಳೆ. ಕೇಳಿ ಕಣ್ಣು ತುಂಬಿ ಬಂತು.

"ಎಲ್ಲ ಚೆನ್ನಿ ದಯೆ ಮೇಡಂ" ಎಂದಳು ಅವಳು. "ಊರವ್ರೆಲ್ಲ ಸೇರಿ ಕೊಳದ ಹತ್ರ ಅವಳಿಗೆ ಪೂಜೆ ಇಟ್ಕಂಡಿದೀವಿ. ಮೊದಲ್ನೇ ಆರತಿ ನಿಮ್ಮದೇ ಆಗ್ಬೇಕು."

ಹುಡುಗಿ ಉಳಿದಳಲ್ಲ ಎಂಬ ಸಮಾಧಾನ ನನಗಿದೆ. ಆದರೆ ಆ ಊರಿನ ಮಕ್ಕಳಿಗೆ ಆರು ವರ್ಷ ಕನ್ನಡ, ಲೆಕ್ಕ, ವಿಜ್ಞಾನ ಎಲ್ಲ ಕಲಿಸಿದ್ದೆ. ಅವರು ನೆನಪಿಟ್ಟುಕೊಂಡಿದ್ದು ಈ ಒಂದು ಸುಳ್ಳನ್ನು ಮಾತ್ರ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.