ಕಲ್ಲೂ ಇಲ್ಲ, ಹೂವೂ ಇಲ್ಲ

ಬಸ್ ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎದುರಿಗೆ ‘ಅಕ್ಕ’, ಬೆನ್ನ ಹಿಂದೆ ‘ಧರಣಿ’. ತನ್ನ ಜೊತೆ ಬಸ್ ತೊಳೆಯುವವರಿಗೆ ಗಂಬೂಟು ಕೊಡಿ ಎಂದು ಬಾಗಿಲಿಗೆ ಅಡ್ಡ ಮಲಗಿ, ಮ್ಯಾನೇಜರ್ ಕಿಟಕಿ ಹಾರಿ ಮನೆಗೆ ಹೋಗುವಂತೆ ಮಾಡಿದವಳು. ಗಂಬೂಟು ಬಂತು, ಎಲ್ಲವೂ ಎಡಗಾಲಿನವು. ಮತ್ತೆ ಮಲಗಿದಳು.

ತೊಳೆಯುವ ಕಟ್ಟೆಯ ಹಿಂದೆ ಸದಾ ತೇವ ಆರದ ಮಣ್ಣಿನ ದಿಬ್ಬವೊಂದಿತ್ತು. ಮೈತುಂಬ ಹಸಿರು ಕಾಳುಕಾಳು, ನಡುವೆ ಉಗುರಿಗಿಂತ ಸಣ್ಣ ಹಳದಿ ಕೊಡೆಗಳು. ಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುವ ಸೊಸೆ ಊಟದ ಡಬ್ಬಿ ಕೊಡಲು ಬಂದವಳು ಅದನ್ನು ಕಂಡು ಕೆಸರಲ್ಲೇ ಮೊಣಕಾಲೂರಿದಳು.

“ಅತ್ತೆ, ಇದು ಕಲ್ಲುಹೂವು!”

“ಪಾಚಿ ಮೇಲೆ ಅಣಬೆ ಕಣೇ.”

“ಎರಡೂ ಸೇರಿ ಒಂದೇ ಸಂಸಾರ. ಅಣಬೆ ಮನೆ ಕಟ್ಟುತ್ತೆ, ಪಾಚಿ ಬಿಸಿಲು ಹಿಡಿದು ಅಡುಗೆ ಮಾಡುತ್ತೆ. ಮಾಮೂಲಿ ಕಲ್ಲುಹೂವಲ್ಲಿರೋ ಶಿಲೀಂಧ್ರವೇ ಬೇರೆ. ಕೊಡೆ ಬಿಡೋ ಅಣಬೆ ಕುಲದವು ಹೀಗೆ ಸಂಸಾರ ಹೂಡೋದು ಅಪರೂಪ. ಈ ಊರಲ್ಲಿ ಇನ್ನೆಲ್ಲೂ ನೋಡಿಲ್ಲ.”

“ಬೇಯಿಸೋದು ಒಬ್ಬರು, ಕೊಡೆ ಹಿಡಿದು ಮೆರೆಯೋದು ಇನ್ನೊಬ್ಬರು. ಹಾಗಾದ್ರೆ ಅಣಬೆ ಅತ್ತೆ ಅನ್ನು.”

“ನಾನು ಹೇಳಲಿಲ್ಲಪ್ಪ, ನೀವೇ ಹೇಳಿದ್ರಿ.”

ದೊಡ್ಡ ಸಾಹೇಬರು ಬರುತ್ತಾರೆಂದು ಮ್ಯಾನೇಜರ್ ಆ ದಿಬ್ಬಕ್ಕೆ ಸಿಮೆಂಟು ಬಳಿಸಲು ಹೊರಟ. ಅಲ್ಲಿ ಕಲ್ಲುಹೂವಿದೆ, ಮುಚ್ಚಬೇಡಿ ಎನ್ನುತ್ತಾ ಧರಣಿ ಅವನ ಬಾಗಿಲಿಗೆ ಹೋದಳು. ಕೂರುವ ಮೊದಲೇ ಅವನು ಕೈಮುಗಿದ. “ಕಲ್ಲುಹೂವು ಮುಟ್ಟಬೇಡ ಅಂತ ಮೇಸ್ತ್ರಿಗೆ ಹೇಳ್ತೀನಿ ತಾಯಿ, ಹೋಗು.” ಗೆದ್ದೆ ಅಂದುಕೊಂಡು ಬಂದಳು. ಎಡವಿದ್ದು ಅಲ್ಲೇ.

ಮೇಸ್ತ್ರಿ ಅವಳ ಸ್ವಂತ ತಮ್ಮ. ಹೇಳಿದ ಮಾತಿಗೆ ತಪ್ಪುವವನಲ್ಲ. ಹುಡುಕಿ ಹುಡುಕಿ, ದಿಬ್ಬದ ಬುಡದ ಕಲ್ಲಿಗೆ ಅಂಟಿದ್ದ ಮಾಮೂಲಿ ಕಲ್ಲುಹೂವಿನ ಬೂದು ಚಕ್ಕೆಯೊಂದನ್ನು ಪತ್ತೆಹಚ್ಚಿ ಅದಕ್ಕೆ ಗೋಣಿ ಹೊದಿಸಿದ. ಉಳಿದದ್ದನ್ನು ಗುದ್ದಲಿಯಿಂದ ಹೆರೆಯತೊಡಗಿದ. ಅವಳು ಓಡಿಬರುವಷ್ಟರಲ್ಲಿ ಅರ್ಧ ದಿಬ್ಬ ಬೋಳು.

“ಲೋ ಮುಠ್ಠಾಳ, ಏನೋ ಮಾಡ್ತಿದ್ದೀಯ?”

“ಪಾಚಿ ಹೆರೀತಿದ್ದೀನಿ. ನಿನ್ನ ಹೂವು ಅಲ್ಲಿದೆ ನೋಡಕ್ಕ, ಮದುಮಗಳ ಹಾಗೆ ಮುಸುಕು ಹಾಕ್ಕೊಂಡು.”

“ಅದಲ್ಲ, ಇದು ಕಣೋ!”

“ಇದಾ? ಕಲ್ಲೂ ಇಲ್ಲ, ಹೂವೂ ಇಲ್ಲ. ನಾಯಿಕೊಡೆ ಹೂವಾದ್ರೆ ನಾನು ಇಂಜಿನಿಯರ್! ಸರಿ ಆಚೆ, ಕಲಸಿದ ಸಿಮೆಂಟು ಗಟ್ಟಿಯಾಗುತ್ತೆ.”

ಅವಳು ಉಳಿದರ್ಧಕ್ಕೆ ಅಡ್ಡಲಾಗಿ, ಕೊಡೆಗಳಿಂದ ಒಂದು ಗೇಣು ಈಚೆ ಕುಕ್ಕರಿಸಿದಳು. “ಬಳಿ. ಮೊದಲು ನನ್ನ ಮೇಲೆ ಬಳಿ.”

ಮ್ಯಾನೇಜರ್ ಏದುಸಿರು ಬಿಡುತ್ತಾ ಬಂದ. “ಕೆಲಸ ಹೋಗುತ್ತೆ, ಹುಷಾರ್!”

“ತೆಗೀರಿ. ಸಾಹೇಬರು ಬಂದಾಗಲೂ ಇಲ್ಲೇ ಕೂತಿರ್ತೀನಿ. ಯಾರಿದು ಅಂತ ಅವರು ಕೇಳಿದ್ರೆ ನೀವೇ ಉತ್ತರ ಕೊಡಿ.”

ಕಟ್ಟೆಯ ಕಡೆ ಪಂಪಿನ ಸದ್ದು ನಿಂತಿತು. ತೊಳೆಯುವವರೆಲ್ಲ ಪೈಪು ಕೆಳಗಿಟ್ಟು ಬಂದು ನಿಂತರು. ಅರ್ಧ ಗಂಟೆ ಕಳೆದ ಮೇಲೆ ಮೇಸ್ತ್ರಿ ಬಾಣಲಿಯಲ್ಲಿ ಕರಣೆ ಆಡಿಸಿ ನೋಡಿದ. ಸಿಮೆಂಟು ಗಟ್ಟಿಯಾಗಿ ಕಚ್ಚಿಕೊಂಡಿತ್ತು.

“ಹಾಳಾಯ್ತು! ಅಮ್ಮ ನಿನ್ನ ಹೆತ್ತದ್ದೇ ಅಡ್ಡ ಬೀಳೋಕೆ.”

ಮ್ಯಾನೇಜರ್ ದನಿ ತಗ್ಗಿಸಿದ. “ಉಳಿದದ್ದು ಬಿಡ್ತೀವಿ. ಹೆರೆದ ಕಡೆಗಾದ್ರೂ ಬಳಿಯೋಕೆ ಬಿಡು.”

“ಅದೂ ಬೇಡ. ಪಕ್ಕದ್ದು ಹಬ್ಬೋಕೆ ಮಣ್ಣು ಬೇಕು. ಹಬ್ಬದಿದ್ರೆ ನೀವು ಬೋಳಿಸಿದ್ದು ಸಾಹೇಬರಿಗೂ ಕಾಣಲಿ.”

ಮೇಸ್ತ್ರಿ ಗುದ್ದಲಿ, ಬಾಣಲಿ ಗಾಡಿಗೆ ಎಸೆದು ಗೇಟು ದಾಟುವವರೆಗೂ ಅವಳು ಏಳಲಿಲ್ಲ.